ಎರಡನೆಯ ‘ಮೋಯಿನ್’ ಯಾರಿಗೆ ಸೇರಿದ್ದು?

ಖಾಸಗಿ ವಿಮಾನ ಚಾಲಕರ ಕಾನೂನು ರಕ್ಷಣೆ ಮತ್ತು ನೆರವಿನ ಸಂಘದ ಸನ್ಮಾನ್ಯ ನಿರ್ದೇಶಕ ಮಂಡಳಿಯವರ ದಿವ್ಯ ಗಮನಕ್ಕೆ,

ಮಾನ್ಯರೇ,

ಉತ್ತರ ಸಮುದ್ರದ ದಂಡೆಯಲ್ಲಿರುವ ಡೈಕ್‌ಹುಸೆನ್ ಹುಲ್ಲಿನ ವಿಮಾನಪಟ್ಟಿಯ ಹಳೆಯ ಹಾರಾಟಗಾರನೂ, ತಮ್ಮ ಸಂಘದ ಕೃಪೆಯಿಂದ ಕಳೆದ ಎರಡು ತಿಂಗಳಿಂದ ಸಂಪೂರ್ಣವಾಗಿ ನೆಲದ ಮೇಲೆಯೇ ವಾಸವಾಗಿರುವವನೂ ಆದ ರೆಮ್ಮರ್ ತ್ಯಾಡೆನ್ ಮಾಡುವ ಅನಂತ ವಂದನೆಗಳು. ತಾವೂ ತಮ್ಮ ಕಡತಗಳೂ ಕ್ಷೇಮವೆಂದು ನಂಬಿದ್ದೇನೆ. ಈ ಪತ್ರವನ್ನು ಪತ್ರಿಕೆಯ ಮೂಲಕ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ; ನೇರವಾಗಿ ಕಳಿಸಿದ ಮೂರು ಪತ್ರಗಳಿಗೂ ‘ತಮ್ಮ ಪತ್ರ ನಮಗೆ ಬಹಳ ಮುಖ್ಯ’ ಎಂಬ ಒಂದೇ ಉತ್ತರ ಬಂದದ್ದರಿಂದ, ಅಷ್ಟೊಂದು ಮುಖ್ಯವಾದದ್ದನ್ನು ತಮ್ಮೊಬ್ಬರ ಮೇಜಿನ ಮೇಲೆಯೇ ಬಿಡುವುದು ಊರಿಗೆ ಮಾಡುವ ಅನ್ಯಾಯವೆಂದು ತೋರಿತು.

ನಾನು ಹತ್ತೊಂಬತ್ತು ವರ್ಷಗಳಿಂದ ತಮ್ಮ ಸದಸ್ಯ. ‘ಆಕಾಶದಲ್ಲಿ ನೀವು ಒಬ್ಬಂಟಿಯಲ್ಲ’ ಎಂದು ಅಚ್ಚು ಹಾಕಿರುವ ತಮ್ಮ ಸದಸ್ಯತ್ವದ ಚೀಟಿ ಅಷ್ಟು ವರ್ಷವೂ ನನ್ನ ಜೇಬಿನಲ್ಲಿತ್ತು. ಒಬ್ಬಂಟಿಯಾಗಿರಬೇಕೆಂದೇ ಮೇಲೆ ಹೋಗುವ ನನ್ನಂಥವನಿಗೆ ಆ ವಾಕ್ಯ ಭರವಸೆಗಿಂತ ಎಚ್ಚರಿಕೆಯಂತೆ ಕಂಡದ್ದುಂಟು. ಆದರೆ ಅದು ಎಷ್ಟು ನಿಜವಾದ ಎಚ್ಚರಿಕೆಯೆಂಬುದು ಈ ಮೇ ತಿಂಗಳವರೆಗೆ ತಿಳಿದಿರಲಿಲ್ಲ.

ನಡೆದದ್ದು ಇಷ್ಟು. ನಾನು ಮತ್ತು ನನ್ನ ಗೆಳೆಯ ಫೋಕ್ಕೊ ಊಕೆನ್ ಮೂವತ್ತೊಂದು ವರ್ಷಗಳಿಂದ ಒಂದೇ ಪುಟ್ಟ ವಿಮಾನದ ಜಂಟಿ ಮಾಲೀಕರು. ಗುರುವಾರ ಮಧ್ಯಾಹ್ನ ಹಾರ್ಮ್‌ಸೂಗ್ ದ್ವೀಪಕ್ಕೆ ಹಾರುವುದು, ಅಲ್ಲಿ ಮೂರು ಲೋಟ ಚಹಾ ಕುಡಿಯುವುದು, ಮರಳಿ ಬರುವುದು. ನಮ್ಮ ವಾಯುಯಾನದ ಇಡೀ ಚರಿತ್ರೆ ಇದು. ಆ ಗುರುವಾರ ಹಿಂದಿರುಗುವಾಗ ಸಮುದ್ರದ ಕಡೆಯಿಂದ ಮಂಜು ಏರಿ ಬಂದು ದಡದ ದಾರಿ ಮುಚ್ಚಿತು. ಪಕ್ಕದ ವಾಯುನೆಲೆಯ ಆಕಾಶದ ಒಂದು ಮೂಲೆಯನ್ನು ದಾಟಿದರೆ ಮಾತ್ರ ಮನೆ. ದಾಟುವುದಕ್ಕೆ ಅಲ್ಲಿನ ನಿಯಂತ್ರಣ ಗೋಪುರದವರ ಅನುಮತಿ ಬೇಕು. ನಾನು ರೇಡಿಯೋದಲ್ಲಿ ನಮ್ಮ ಕಡೆಯ ನಮಸ್ಕಾರವಾದ ಮೋಯಿನ್ ಎಂದೆ, ವಿಮಾನದ ಹೆಸರು ಹೇಳಿದೆ, ಮೂಲೆ ದಾಟಲೇ ಎಂದು ಕೇಳಿದೆ. ಆ ಕಡೆಯಿಂದ ಗೋಪುರದಲ್ಲಿ ಕೂರುವ ಯೆಲ್ಟೊನ ದನಿ ಬಂತು: ‘ಮೋಯಿನ್. ಮೋಯಿನ್.’ ಆಮೇಲೆ ಬರೀ ಗೊರಗೊರ ಸದ್ದು.

ಇಲ್ಲಿ ತಾವು ನಮ್ಮ ಕಡೆಯ ಒಂದು ಸೂಕ್ಷ್ಮವನ್ನು ಅರಿಯಬೇಕು. ನಮ್ಮಲ್ಲಿ ಬೆಳಿಗ್ಗೆ, ಸಂಜೆ, ಮದುವೆಮನೆ, ಹಲ್ಲಿನ ಡಾಕ್ಟರರ ಕೋಣೆ, ಎಲ್ಲಕ್ಕೂ ಒಂದೇ ಮೋಯಿನ್. ಎರಡು ಸಲ ಹೇಳುವವನನ್ನು ವಾಚಾಳಿ ಎನ್ನುತ್ತೇವೆ. ಯೆಲ್ಟೊ ವಾಚಾಳಿಯಲ್ಲ, ಹನ್ನೊಂದು ವರ್ಷಗಳಲ್ಲಿ ಅವನ ಬಾಯಿಂದ ಎರಡನೆಯ ಮೋಯಿನ್ ನಾನು ಕೇಳಿದವನೇ ಅಲ್ಲ. ಆದ್ದರಿಂದ ಮೊದಲನೆಯದು ನಮಸ್ಕಾರ, ಎರಡನೆಯದು ಅನುಮತಿ ಎಂದು ನಾನು ತಿಳಿದೆ. ಫೋಕ್ಕೊ ಕೂಡ ತಲೆಯಾಡಿಸಿದ. ಮೂರು ನಿಮಿಷದಲ್ಲಿ ದಾಟಿದೆವು. ಎರಡನೆಯ ಮೋಯಿನ್ ಗೋಪುರದ ಮೆಟ್ಟಿಲು ಹತ್ತಿ ಚಹಾ ತಂದ ಸಹೋದ್ಯೋಗಿಗೆ ಸೇರಿದ್ದು ಎಂಬುದು ಇಳಿದ ಮೇಲೆ ಫೋನಿನಲ್ಲಿ ಗೊತ್ತಾಯಿತು.

ನೆರೆಯವನ ಬೇಲಿ ತುಳಿದರೆ ನಾವೇ ಹೋಗಿ ಹೇಳಿ ಬರುವ ಜನ. ಆ ಸಂಜೆಯೇ ವಾಯುಯಾನದ ಕಚೇರಿಗೆ ನಾಲ್ಕು ಪುಟಗಳ ತಪ್ಪೊಪ್ಪಿಗೆ ಬರೆದೆ. ಮಂಜನ್ನು ಬೂದು ಬಣ್ಣದಲ್ಲಿ, ನಮ್ಮ ದಾರಿಯನ್ನು ಕೆಂಪಿನಲ್ಲಿ ತೋರಿಸುವ ಚಿತ್ರವೊಂದನ್ನೂ ಲಗತ್ತಿಸಿದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ಜೇಬಿನಲ್ಲಿ ತಮ್ಮ ಚೀಟಿ ಇತ್ತಲ್ಲ. ಮರುದಿನ ತಮಗೆ ಫೋನು ಮಾಡಿದೆ.

ಘಟನೆ ಆಕಾಶದಲ್ಲಿ ನಡೆದಿದ್ದರೆ ಒಂದನ್ನು, ನೆಲದ ಮೇಲಾದರೆ ಎರಡನ್ನು, ಇವೆರಡರ ನಡುವೆ ಆದರೆ ಮೂರನ್ನು ಒತ್ತಿ ಎಂದು ತಮ್ಮ ಯಂತ್ರ ಕೇಳಿದ ವಿನಯವನ್ನು ನಾನು ಮರೆಯಲಾರೆ. ಮೂರನೆಯದನ್ನು ಒತ್ತಿದವರ ಕಡೆಯಿಂದ ಯಾರು ಮಾತನಾಡುತ್ತಾರೋ ಎಂಬ ಕುತೂಹಲವೂ ಹೋಗಿಲ್ಲ. ಕೊನೆಗೆ, ದೂರದ ದಕ್ಷಿಣದ ಊರಿನಲ್ಲಿ ಕುಳಿತ ಡಾಕ್ಟರ್ ಲೆಯೊನ್‌ಹಾರ್ಟ್ ಪ್ರೆಟ್ಸೆಲ್ ಎಂಬ ವಕೀಲರನ್ನು ತಾವು ನನಗೆ ದಯಪಾಲಿಸಿದಿರಿ. ರೈಲಿನಲ್ಲಿ ಮಾತ್ರ ಓಡಾಡುವ, ಎತ್ತರವೆಂದರೆ ಮುಖ ಬಿಳುಚುವ ಸಜ್ಜನರು. ಅವರ ಮೊದಲ ಸಲಹೆ, “ತ್ಯಾಡೆನ್ ಅವರೇ, ಇನ್ಮೇಲೆ ನೀವು ಯಾರ ಹತ್ರಾನೂ ಒಂದು ಮಾತೂ ಆಡಬಾರದು” ಎಂಬುದು. ಇದನ್ನು ಫೋಕ್ಕೊನಿಗೆ ತಿಳಿಸಿದಾಗ ಅವನು, “ಅದಕ್ಕೆ ವಕೀಲ ಯಾಕೆ ಬೇಕಿತ್ತು? ನೀನು ಮಾತಾಡಿದ್ದಾದ್ರೂ ಯಾವಾಗ?” ಎಂದ.

ನಾನು ಆಗಲೇ ನಾಲ್ಕು ಪುಟ ಮಾತನಾಡಿದ್ದೇನೆಂದು ತಿಳಿದಾಗ ಡಾಕ್ಟರ್ ಪ್ರೆಟ್ಸೆಲ್ ಅವರು ಅದರ ಪ್ರತಿ ತರಿಸಿಕೊಂಡರು. ಆಮೇಲೆ ನನ್ನನ್ನು ರಕ್ಷಿಸಲು ಕುಳಿತರು. ಅವರ ಊರಿನಲ್ಲಿ ಮೋಯಿನ್ ಇಲ್ಲ. ಯಾವುದೋ ನಿಘಂಟು ನೋಡಿ ಅದು ‘ಶುಭೋದಯ’ ಎಂಬುದರ ಹಳ್ಳಿ ರೂಪವೆಂದು ತೀರ್ಮಾನಿಸಿದರು. ಘಟನೆಯ ಹೊತ್ತು ಸಂಜೆ ನಾಲ್ಕೂ ಇಪ್ಪತ್ತು. ಹೀಗಾಗಿ ಹದಿನೇಳು ಪುಟಗಳ ಪ್ರತಿವಾದದ ಒಂಬತ್ತನೆಯ ಪುಟದಲ್ಲಿ, ನಾನು ಇಂದಿಗೂ ಓದಿ ಓದಿ ಆನಂದಿಸುವ ಈ ವಾಕ್ಯ ಅವತರಿಸಿತು: ‘ಇಳಿಹೊತ್ತಿನಲ್ಲಿ ಗೋಪುರಕ್ಕೆ ಶುಭೋದಯ ಕೋರಿದ ನನ್ನ ಕಕ್ಷಿದಾರರಿಗೆ ಆ ಸಮಯದಲ್ಲಿ ಹೊತ್ತಿನ ಪರಿವೆಯೇ ಇರಲಿಲ್ಲವಾದ್ದರಿಂದ, ಅವರನ್ನು ಹೊಣೆಗಾರರೆನ್ನಲಾಗದು.’

ಎಂಥ ರಕ್ಷಣೆ, ಮಾನ್ಯರೇ! ಹೊತ್ತು ಗೊತ್ತಿಲ್ಲದವನು ತಪ್ಪಿತಸ್ಥನಲ್ಲ, ನಿಜ. ಆದರೆ ಹೊತ್ತು ಗೊತ್ತಿಲ್ಲದವನ ಕೈಗೆ ವಿಮಾನ ಕೊಡುವವರು ಯಾರು? ಎರಡು ವಾರದಲ್ಲಿ ನನ್ನ ಪರವಾನಗಿ ಅಮಾನತ್ತಾಯಿತು. ನನ್ನ ಮೆದುಳನ್ನು ಪರಿಣತರೊಬ್ಬರು ನೋಡಬೇಕಂತೆ. ಅವರ ಭೇಟಿಗೆ ಸಿಕ್ಕಿರುವ ದಿನ ನವೆಂಬರ್ ಇಪ್ಪತ್ತೆಂಟು.

ಕಚೇರಿಯಲ್ಲಿ ಕಡತ ನೋಡಿಕೊಳ್ಳುವ ವೀಬ್ಕೆ ಹಾರ್ಮ್ಸ್ ಅವರು ನಮ್ಮ ಕಡೆಯವರೇ. ಫೋನು ಮಾಡಿದೆ. ವಕೀಲರಿರುವವನ ಜೊತೆ ನೇರವಾಗಿ ಮಾತನಾಡುವಂತಿಲ್ಲ ಎಂದು ಮೊದಲೇ ಹೇಳಿ, ಆಮೇಲೆ ಮಾತನಾಡಿದರು. “ನಿಮ್ಮ ಕಾಗದ, ಆ ಬೂದು ಮಂಜು, ಎಲ್ಲಾ ನೋಡಿ ಒಂದು ಎಚ್ಚರಿಕೆ ಪತ್ರ ಕಳ್ಸಿ ಮುಗಿಸೋಣ ಅಂತಿದ್ದೆ. ಅಷ್ಟ್ರಲ್ಲಿ ನಿಮ್ಮೋರೇ ನಿಮಗೆ ಹೊತ್ತು ಗೊತ್ತಾಗಲ್ಲ ಅಂತ ಬರೆದುಕೊಟ್ರು. ಬರವಣಿಗೇಲಿ ಬಂದ್ಮೇಲೆ ನಾನೇನು ಮಾಡ್ಲಿ? ಆ ಒಂದು ವಾಕ್ಯ ವಾಪಸ್ ತಗೊಳ್ಳಿ, ಅಮಾನತ್ತು ನಾನು ಅವತ್ತೇ ತೆಗೀತೀನಿ.”

ಕೂಡಲೇ ಡಾಕ್ಟರ್ ಪ್ರೆಟ್ಸೆಲ್ ಅವರಿಗೆ ಫೋನು ಮಾಡಿ ಬೇಡಿದೆ. ಸಾಧ್ಯವಿಲ್ಲವೆಂದರು. ವಾಕ್ಯ ಹಿಂತೆಗೆದರೆ ನನಗೆ ಹೊತ್ತು ಗೊತ್ತಿತ್ತೆಂದು ಒಪ್ಪಿದಂತಾಗುತ್ತದಂತೆ. ಹೊತ್ತು ಗೊತ್ತಿದ್ದವನು ತಪ್ಪಿತಸ್ಥನಂತೆ. ತಪ್ಪೊಪ್ಪಿಕೊಂಡವನಿಗೆ ಸಂಘದ ರಕ್ಷಣೆ ಇಲ್ಲವಂತೆ. ಬದಲಿಗೆ ಪ್ರಕರಣದ ಗಡುವಿಗೆ ವಿಸ್ತರಣೆ ಕೊಡಿಸುವೆನೆಂದರು, ಅದರಲ್ಲಿ ತಾನು ಎಂದೂ ಸೋತವನಲ್ಲವೆಂದರು.

ಎಂದೂ ಸೋಲದ ಅವರಲ್ಲಿ ತಮ್ಮ ಮೂಲಕ ಒಂದು ಸಣ್ಣ ಬಿನ್ನಹ. ಫೋಕ್ಕೊನಿಗೆ ಈಗ ಎಂಬತ್ತೊಂದು. ಕಣ್ಣಿನ ದೋಷದಿಂದ ಅವನ ಸ್ವಂತ ಪರವಾನಗಿ ಹೋಗಿ ಎರಡು ವರ್ಷ; ಅಂದಿನಿಂದ ನನ್ನ ಪಕ್ಕದ ಆಸನವೇ ಅವನ ಆಕಾಶ. ನೋಟದ ನಟ್ಟನಡುವೆ ಒಂದು ಮಸಿ ಕೂತಿದೆ, ಅದು ಬೆಳೆಯುತ್ತಿದೆ. ಮರಳುದಿಬ್ಬಗಳ ಮೇಲೆ ಬಿಸಿಲು ಕಾಯುವ ಕಡಲಪ್ರಾಣಿಗಳಾದ ಸೀಲ್‌ಗಳನ್ನು ಅವನು ನೇರ ನೋಡುವುದಿಲ್ಲ, ಮುಖ ಪಕ್ಕಕ್ಕೆ ತಿರುಗಿಸಿ ಕಣ್ಣಂಚಿನಿಂದ ಹಿಡಿಯುತ್ತಾನೆ, ಹಿಡಿದಾಗ ನನ್ನ ಮೊಣಕಾಲು ತಟ್ಟುತ್ತಾನೆ. ಚಳಿಗಾಲದ ಹೊತ್ತಿಗೆ ಮೇಲಿನಿಂದ ಮರಳು ಯಾವುದು ಸೀಲ್ ಯಾವುದು ಎಂಬುದು ತಿಳಿಯಲಾರದೆಂದು ಕಣ್ಣಿನ ಡಾಕ್ಟರರು ಹೇಳಿದ್ದಾರೆ. ಅವರಿಗೆ ಕಾನೂನಿನ ಪರಿಚಯವಿಲ್ಲ, ಪಾಪ, ಗಡುವು ಕೊಟ್ಟು ಕುಳಿತಿದ್ದಾರೆ. ಆದ್ದರಿಂದ ಫೋಕ್ಕೊನ ಎರಡೂ ಕಣ್ಣುಗಳಿಗೆ ನವೆಂಬರ್ ಕೊನೆಯವರೆಗೆ ಮಾತ್ರ, ಯಾವುದೇ ಹಕ್ಕುಬಾಧ್ಯತೆಗಳಿಗೆ ಧಕ್ಕೆ ಬಾರದಂತೆ, ಒಂದು ವಿಸ್ತರಣೆಯನ್ನು ಡಾಕ್ಟರ್ ಪ್ರೆಟ್ಸೆಲ್ ಅವರು ಕೊಡಿಸುವಂತಾಗಬೇಕು. ಅರ್ಜಿ ಯಾರಿಗೆ ಹಾಕಬೇಕೆಂಬುದು ಮಾತ್ರ ನನಗೆ ತಿಳಿಯದು. ಹದಿನೇಳು ಪುಟ ಬರೆಯಬಲ್ಲವರಿಗೆ ಒಂದು ವಿಳಾಸ ಹುಡುಕುವುದು ಕಷ್ಟವಲ್ಲ.

ಅದು ಆಗದಿದ್ದಲ್ಲಿ, ಇದೇ ಪತ್ರದ ಮೂಲಕ ಡಾಕ್ಟರ್ ಪ್ರೆಟ್ಸೆಲ್ ಅವರಿಗೆ ಕೊಟ್ಟ ವಕಾಲತ್ತನ್ನು ನಾನು ಹಿಂತೆಗೆದುಕೊಳ್ಳುತ್ತಿದ್ದೇನೆಂದು ದಯವಿಟ್ಟು ತಿಳಿಯುವುದು. ಸೋಮವಾರ ಬೆಳಿಗ್ಗೆ ನಾನೇ ಕಚೇರಿಗೆ ಹೋಗಿ, ತಪ್ಪು ಮಾಡಿದಾಗ ಹೊತ್ತು ನಾಲ್ಕೂ ಇಪ್ಪತ್ತು ಎಂದು ನನಗೆ ಚೆನ್ನಾಗಿ ಗೊತ್ತಿತ್ತು, ಬುದ್ಧಿ ಪೂರ್ತಿ ನೆಟ್ಟಗಿತ್ತು, ಕೊಡುವ ಶಿಕ್ಷೆ ಕೊಡಿ ಎಂದು ಸಹಿ ಹಾಕುತ್ತೇನೆ. ಶಿಕ್ಷೆ ಎಚ್ಚರಿಕೆ ಪತ್ರವೇ ಆದೀತೆಂದು ಯಾರೂ ಬರೆದುಕೊಟ್ಟಿಲ್ಲ, ಬಲ್ಲೆ. ಆದರೂ ತಮ್ಮ ರಕ್ಷಣೆಯಿಂದ ಬಚಾವಾಗಲು ನನಗೆ ಬೇರೆ ದಾರಿ ತೋಚುತ್ತಿಲ್ಲ. ತಾವು ಈವರೆಗೆ ತೋರಿದ ಅಪಾರ ಕಾಳಜಿಯನ್ನು ಇನ್ನು ಬೇರೆ ಯಾವ ಅಮಾಯಕನ ಮೇಲೂ ಇಷ್ಟು ಧಾರಾಳವಾಗಿ ಸುರಿಯಬಾರದೆಂದು ಕೈಮುಗಿಯುವ,

ತಮ್ಮ ವಿಶ್ವಾಸಿ,
ರೆಮ್ಮರ್ ತ್ಯಾಡೆನ್
ಡೈಕ್‌ಹುಸೆನ್

ಮರೆತ ಮಾತು: ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ ಎಂದು ಕೇಳುವ ತಮ್ಮ ಸಮೀಕ್ಷೆ ನಿನ್ನೆ ಬಂತು. ನಾನು ಕೋಪದಲ್ಲಿದ್ದುದರಿಂದ, ನಿಷ್ಪಕ್ಷಪಾತಿ ಬೇಕೆಂದು ಫೋಕ್ಕೊನ ಮುಂದೆ ಹಿಡಿದೆ. ಅವನು ಸಾಲಾಗಿದ್ದ ನಕ್ಷತ್ರಗಳನ್ನು ಬಹಳ ಹೊತ್ತು ನೇರವಾಗಿ ನೋಡಿ, “ಈ ತುದೀಲಿ ಒಂದಿದೆ, ಆ ತುದೀಲಿ ಒಂದಿದೆ, ನಡುವೆ ಏನೂ ಇಲ್ಲ” ಎಂದ. ಹೋದ ತಿಂಗಳಾಗಿದ್ದರೆ ನಾಲ್ಕು ಸಿಗುತ್ತಿತ್ತೋ ಏನೋ. ಅವನು ಕಂಡ ಎರಡನ್ನೇ ತುಂಬಿ ಕಳಿಸಿದ್ದೇನೆ. ತಾವು ಎಷ್ಟು ತಡಮಾಡುತ್ತೀರೋ ಅಷ್ಟು ಕಡಿಮೆಯಾಗುತ್ತದೆ.