ಆರ್ವಿಡ್‌ನ ಫೋನು ಸುಮ್ಮನಿದ್ದ ಸಂಜೆ

ಆ ಶುಕ್ರವಾರ ಬೆಳಿಗ್ಗೆ ಆರ್ವಿಡ್ ಟೊಲೆಫ್ಸನ್ ಕಾರಿನ ಗಾಜಿಗೆ ಅಂಟಿದ್ದ ಹಿಮವನ್ನು ಕೆರೆಯುತ್ತಿದ್ದಾಗ ಹೆಂಡತಿ ಲೋರ್ನಾ ಬಾಗಿಲಿಗೆ ಬಂದಳು.

"ಸಂಜೆ ಫೈನಲ್ ಇದೆ. ಇವತ್ತೂ ನಿನ್ನ ಫೋನು ಹೊಡ್ಕೊಂಡ್ರೆ, ಆ ಫೋನಿನ ಜೊತೇನೇ ಸಂಸಾರ ಮಾಡ್ಕೋ."

ಅವಳ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಟದಲ್ಲಿ ಲೋರ್ನಾ ತನ್ನ ತಂಡದ ನಾಯಕಿ. ಇಪ್ಪತ್ತು ವರ್ಷ ಆಡಿದ ಮೇಲೆ ಈಗ ಮೊದಲ ಸಲ ಡುಲುತ್ ಊರಿನ ಕ್ಲಬ್ಬಿನ ಫೈನಲ್ ತಲುಪಿದ್ದಳು. ಸೆಮಿಫೈನಲ್‌ಗೆ ಆರ್ವಿಡ್ ಹೋಗಿದ್ದನೇನೋ ನಿಜ. ನೋಡಿದ್ದು ಮಾತ್ರ ಕಾರು ನಿಲ್ಲಿಸುವ ಜಾಗವನ್ನು, ಕಿವಿಗೆ ಫೋನು ಒತ್ತಿಕೊಂಡು.

ಅವನ ಕಂಪನಿ ಮನೆ ಬಿಸಿ ಮಾಡುವ ಫರ್ನೇಸುಗಳ ಬಿಡಿಭಾಗ ಮಾರುತ್ತಿತ್ತು. ರಿಪೇರಿಯವರು ಕಳಿಸಿದ ಆರ್ಡರು ಇನ್ನೊಂದು ಕಂಪನಿಯ ಕಂಪ್ಯೂಟರನ್ನು ಹಾದು ಇವರ ಗೋದಾಮಿಗೆ ಬರಬೇಕು. ನಡುವಿನ ಕೊಂಡಿ ಆಗಾಗ ಸದ್ದಿಲ್ಲದೆ ಕಳಚಿಕೊಳ್ಳುತ್ತಿತ್ತು. ಯಾವುದೋ ತಣ್ಣಗಾದ ಮನೆಯ ನೆಲಮಾಳಿಗೆಯಲ್ಲಿ ನಿಂತ ರಿಪೇರಿಯವನು "ನನ್ನ ಸಾಮಾನು ಎಲ್ಲಯ್ಯಾ?" ಎಂದು ಆರ್ವಿಡ್‌ನನ್ನು ಬೈದಾಗಲೇ ಅದು ಗೊತ್ತಾಗುತ್ತಿದ್ದುದು.

ಇದಕ್ಕೆ ಮದ್ದೆಂದು ಆರ್ವಿಡ್ ಅಂದು ವೆಬ್‌ಹುಕ್ ಕಟ್ಟಲು ಕುಳಿತಿದ್ದ. ಕೊಂಡಿ ಕಳಚಿದ ಕೂಡಲೇ ಆಚೆಯ ಕಂಪ್ಯೂಟರು ತಾನಾಗಿಯೇ ಈಚೆಯದರ ಬಾಗಿಲು ತಟ್ಟಿ ಸುದ್ದಿ ಹೇಳಬೇಕು; ಈಚೆಯದು ಆ ಹೊತ್ತಿನ ಪಾಳಿಯವರಿಗೆ ಫೋನು ಮಾಡಬೇಕು. ಆ ರಾತ್ರಿಯ ಪಾಳಿ ಗೋದಾಮಿನ ರೋಲ್ಫ್‌ನದು. ಒಂದು ಗುಂಡಿ ಒತ್ತಿದರೆ ಕೊಂಡಿ ಮತ್ತೆ ಕೂಡುತ್ತದೆ. ಆರ್ವಿಡ್ ಬೇಕಾಗಿಯೇ ಇಲ್ಲ. ಇಷ್ಟು ಸಾಧಿಸಿ ಐದರ ಹೊತ್ತಿಗೆ ಹೊರಟುಬಿಡುವುದು ಅವನ ಲೆಕ್ಕ.

ಮೊದಲು ರೋಲ್ಫ್ ಬಂದ. "ಫೋನು ಯಾರಿಗೆ ಕೇಳ್ಸುತ್ತಪ್ಪಾ ಗೋದಾಮಲ್ಲಿ? ನಮ್ಮ ದೊಡ್ಡ ಹಾರನ್‌ಗೂ ಒಂದು ಎಳೆ ಕೊಡು."

ಕೊಟ್ಟ. ಪರೀಕ್ಷೆಗೆಂದು ಆಚೆಯ ಕಂಪ್ಯೂಟರಿನಿಂದ ಒಂದು ಸುಳ್ಳು ಸುದ್ದಿಯನ್ನೂ ಕಳಿಸಿದ. ಬಾಗಿಲು ತಟ್ಟಿದವರಿಗೆ ಮೊದಲು 'ಕೇಳಿಸಿತು' ಎನ್ನಬೇಕು, ಆಮೇಲೆ ಕೆಲಸ ನೋಡಬೇಕು. ಆರ್ವಿಡ್ ತರಾತುರಿಯಲ್ಲಿ ಅದನ್ನು ತಿರುವುಮುರುವು ಮಾಡಿದ್ದ. ಈಚೆಯದು ಹಾರನ್ ಊದಿ ಮುಗಿಸಿ ಉತ್ತರ ಕೊಡುವಷ್ಟರಲ್ಲಿ, ಇವರಿಗೆ ಕಿವಿ ಕೇಳಿಸದೆಂದು ಬಗೆದು ಆಚೆಯದು ಮತ್ತೆ ತಟ್ಟಿತು. ಮತ್ತೆ ಹಾರನ್. ಮತ್ತೆ ತಟ್ಟಿತು. ಬೆಂಕಿ ಬಿದ್ದಿದೆಯೆಂದು ಗೋದಾಮಿನವರೆಲ್ಲ ಅಂಗಿಯಲ್ಲೇ ಹಿಮದೊಳಕ್ಕೆ ಓಡಿ ಸಾಲಾಗಿ ನಿಂತರು.

ಆರ್ವಿಡ್ ಓಡಿ ಬಂದು ಕ್ಷಮೆ ಕೇಳಿದ. ಮಿನೆಸೋಟಾದ ಜನ ಸೌಜನ್ಯಕ್ಕೆ ಹೆಸರಾದವರು, ಯಾರೂ ಬಯ್ಯಲಿಲ್ಲ.

"ಇರ್ಲಿ ಬಿಡಪ್ಪಾ, ಗಾಳಿ ಚೆನ್ನಾಗಿದೆ," ಎಂದ ಒಬ್ಬ. ಅವನ ತುಟಿ ನೀಲಿಯಾಗಿತ್ತು.

ಅದನ್ನು ಸರಿಪಡಿಸುವಷ್ಟರಲ್ಲಿ ಸಿಬ್ಬಂದಿಯ ಯೋಗಕ್ಷೇಮ ನೋಡುವ ಡಾರ್ಲೀನ್ ಒಂದು ತಟ್ಟೆ ನಿಂಬೆ ಬಾರ್ ಎಂಬ ಸಿಹಿತಿಂಡಿ ಹಿಡಿದು ಬಂದಳು. ಆಡು ಮುಟ್ಟದ ಸೊಪ್ಪಿಲ್ಲ, ಡಾರ್ಲೀನ್ ಕೈಹಾಕದ ಕೆಲಸವಿಲ್ಲ. ಪರದೆಯ ಮೇಲೆ, ಪಾಳಿಯವರಿಗೆ ಹೋಗಬೇಕಾದ ಸಂದೇಶದಲ್ಲಿ 'ವಿಫಲ' ಎಂಬ ಮಾತು ನೋಡಿ ಅವಳ ಮುಖ ಬಾಡಿತು.

"ವಿಫಲ ಅಂತೀಯಲ್ಲೋ! ನಿದ್ದೆಯಿಂದ ಎಬ್ಬಿಸಿ ಯಾರಾದ್ರೂ ಹಂಗೆ ಅಂತಾರೇನೋ? 'ಒಂದು ಸಣ್ಣ ವಿಷಯ, ಬಿಡುವಿದ್ರೆ ನೋಡಿ' ಅನ್ನು."

"ಬಿಡುವಿದ್ರೆ ಅಂದ್ರೆ ಯಾರು ನೋಡ್ತಾರಮ್ಮಾ? ಯಾರದೋ ಮನೇಲಿ ಮಗು ಚಳೀಲಿ ಮಲಗಿರುತ್ತೆ."

ಮ್ಯಾನೇಜರ್ ಗ್ಲೆನ್ ಸದ್ದು ಕೇಳಿ ಬಂದ. ಬಂದವನು ಇದನ್ನು ಎಲ್ಲರೂ ಕೂತು ಮಾತಾಡಬೇಕೆಂದ. ಕೂತರು. 'ವಿಫಲ' 'ಅಡಚಣೆ'ಯಾಯಿತು, 'ಅಡಚಣೆ' 'ಪುಟ್ಟ ಅಡಚಣೆ'ಯಾಯಿತು. ಕೆಟ್ಟ ಸುದ್ದಿ ಒಂದನ್ನೇ ಕಳಿಸಿದರೆ ಜನ ಕುಗ್ಗಿಹೋಗುತ್ತಾರೆ, ಸರಿಹೋದ ಮೇಲೆ ಅದನ್ನೂ ಹೇಳಬೇಕೆಂದು ಡಾರ್ಲೀನ್ ಹಟ ಹಿಡಿದಳು. ಅದೂ ಆಯಿತು. ಕಿಟಕಿಯಾಚೆ ಸುಪೀರಿಯರ್ ಸರೋವರ ಕಪ್ಪಾಗುತ್ತಿತ್ತು.

ಆರ್ವಿಡ್‌ಗೆ ಅಳುವೇ ಬಂತು. "ಇವತ್ತು ಲೋರ್ನಾ ಫೈನಲ್ ಕಣ್ರೀ. ನಾನು ಹೋಗ್ಲಿಲ್ಲಾಂದ್ರೆ ಮನೇಲಿ ನನಗೆ ಜಾಗ ಇಲ್ಲ."

ಕೋಣೆಯಲ್ಲಿದ್ದವರೆಲ್ಲ ಕರಗಿಹೋದರು. "ಅಯ್ಯೋ, ಮೊದ್ಲೇ ಹೇಳ್ಬಾರ್ದೇನೋ!" ಎಂದು ಡಾರ್ಲೀನ್ ಅವನ ಕೋಟು ತಂದಳು. "ಪಾಪ, ಅವಳಿಗೆ ಎಷ್ಟು ಆತಂಕವೋ. ನೀನು ಹೊರಡು. ಯಾರ್ಯಾರಿಗೆ ಸುದ್ದಿ ಹೋಗ್ಬೇಕು ಅಂತ ಸೇರ್ಸೋದು ಹೇಗೆ ತೋರ್ಸು, ಉಳಿದದ್ದು ನಾನು ನೋಡ್ಕೋತೀನಿ."

ಅವನು ತೋರಿಸಿ ಓಡಿದ.

ಕ್ಲಬ್ಬಿಗೆ ತಲುಪಿದಾಗ ಆಟ ಅರ್ಧ ಮುಗಿದಿತ್ತು. ಆರ್ವಿಡ್ ಯಾವುದಕ್ಕೂ ಇರಲೆಂದು ಫೋನನ್ನು ಕಾರಿನಲ್ಲೇ ಬಿಟ್ಟು ಬಂದ. ಪ್ರೇಕ್ಷಕರ ಗಾಜಿನ ಹಿಂದೆ ನಿಂತವನನ್ನು ಕಂಡು ಲೋರ್ನಾ ಹುಬ್ಬೇರಿಸಿದಳು. ಅವನು ಎರಡೂ ಬರಿಗೈ ಎತ್ತಿ ತೋರಿಸಿದ. ಲೋರ್ನಾ ನಕ್ಕಳು. ಆ ನಗುವನ್ನು ಅವನು ಬಹಳ ದಿನದಿಂದ ಕಂಡಿರಲಿಲ್ಲ.

ಕೊನೆಯ ಕಲ್ಲು ಉಳಿಯಿತು. ಅಂಕ ಸಮ. ಗುರಿಯ ವೃತ್ತದೊಳಗೆ ಎದುರಾಳಿಗಳ ಕಲ್ಲೊಂದು ಆಗಲೇ ಕೂತಿತ್ತು. ಕಲ್ಲು ಲೋರ್ನಾಳದು, ವೃತ್ತದ ನಡುವೆ ನಿಂತರೆ ಗೆಲುವಿನ ಕಪ್ ಅವಳದು. ಅವಳು ಮಂಡಿಯೂರಿದಳು. ಆಟಗಾರ್ತಿ ಹಾಗೆ ಕೂತಾಗ ಅಲ್ಲಿ ಕೆಮ್ಮುವವರೂ ಇಲ್ಲ. ಕಲ್ಲಿನ ಹಿಡಿಕೆ ಹಿಡಿದು ಮುಂದಕ್ಕೆ ಜಾರಿದಳು.

ಫೋನು ಹೊಡೆದುಕೊಂಡಿತು.

ಎಲ್ಲರೂ ತಿರುಗಿ ಆರ್ವಿಡ್‌ನನ್ನೇ ನೋಡಿದರು. ಅವನು ಜೇಬುಗಳನ್ನು ಹೊರಕ್ಕೆ ಎಳೆದು ತೋರಿಸಿದ. ಫೋನು ಹೊಡೆದುಕೊಳ್ಳುತ್ತಿದ್ದುದು ಲೋರ್ನಾಳ ಜೇಬಿನಲ್ಲಿ. ಅವಳ ಕೈ ಅದುರಿತು. ಕಲ್ಲು ಅಡ್ಡಾದಿಡ್ಡಿ ಸಾಗಿ, ವೃತ್ತವನ್ನು ಸವರಿಕೊಂಡು ಹೋಗಿ ಹಿಂದಿನ ಗೋಡೆಗೆ ಬಡಿಯಿತು.

ಸೋತ ಮೇಲೂ ಲೋರ್ನಾ ಎದುರಾಳಿಗಳೆಲ್ಲರ ಕೈಕುಲುಕಿದಳು. ಆಮೇಲೆ ಗಾಜಿನ ಈಚೆಗೆ ಬಂದು, ಬಂದಿದ್ದ ಸಂದೇಶವನ್ನು ಗಂಡನ ಎದುರಿಗೇ ಗಟ್ಟಿಯಾಗಿ ಹಾಕಿದಳು. ಜೇನಿನಂಥ ದನಿ.

"ಲೋರ್ನಾ, ನಾನು ಡಾರ್ಲೀನ್. ಸುದ್ದಿ ತಾನಾಗೇ ಹೋಗೋರ ಪಟ್ಟಿಗೆ ನಿನ್ನನ್ನೂ ಸೇರ್ಸಿದೀನಿ. ಗಾಬರಿ ಬೇಡ ಕಣಮ್ಮಾ. ಪುಟ್ಟ ಅಡಚಣೆ ಆಗಿತ್ತು, ರೋಲ್ಫ್ ಸರಿ ಮಾಡಿದ. ಆರ್ವಿಡ್‌ನ ಯಾರೂ ಕರೆಯಲ್ಲ. ನೀನು ನೆಮ್ಮದಿಯಾಗಿ ಆಡು."

"ಯಾರು ಕಟ್ಟಿದ್ದು ಇದನ್ನ?" ಎಂದಳು ಲೋರ್ನಾ.

"ನಾನೇ," ಎಂದ ಆರ್ವಿಡ್.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಇಷ್ಟು ದಿನ ಆಫೀಸು ನಿನ್ನನ್ನ ಮಾತ್ರ ಕರ್ಕೊಂಡು ಹೋಗ್ತಿತ್ತು. ಆಟ ಆದ್ರೂ ನನಗೆ ಉಳೀತಿತ್ತು ಕಣೋ."

ಅಷ್ಟು ಹೇಳಿ ಅವಳು ಗೆದ್ದವರ ಮೇಜಿಗೆ ಹೋದಳು. ಗೆದ್ದವರು ಸೋತವರಿಗೆ ಬಿಯರ್ ಕೊಡಿಸುವುದು ಅಲ್ಲಿಯ ರೂಢಿ. ಆರ್ವಿಡ್‌ನಷ್ಟು ಸೋತವರು ಆ ಕ್ಲಬ್ಬಿನಲ್ಲಿ ಇನ್ಯಾರೂ ಇರಲಿಲ್ಲ. ಆದರೆ ಅವನು ಆಡಿರಲಿಲ್ಲವಾದ್ದರಿಂದ ಅವನಿಗೆ ಯಾರೂ ಕೊಡಿಸಲಿಲ್ಲ.