ಹೂಂ ಅನ್ನುವ ಸೇನಾಪತಿ

ಗಂಡ ದಿನಾ ಜಗಳ ತೆಗೆಯುತ್ತಾನೆ ಎಂದು ಅಳುವ ಹೆಂಗಸಿಗೆ ಓಣಿಯೆಲ್ಲ ಮರುಗುತ್ತದೆ. ಗಂಡ ಜಗಳವನ್ನೇ ಆಡುವುದಿಲ್ಲ ಎಂದು ಅಳುವವಳಿಗೆ ಯಾರು ಮರುಗಬೇಕು? ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನ ಮೌನಮ್ಮನ ಗೋಳು ಇದೇ ಆಗಿತ್ತು. (ಹೆಸರು ನೋಡಿ ಮೋಸ ಹೋಗಬೇಡಿ. ಆಕೆ ಬಾಯಿ ತೆರೆದರೆ ಡ್ಯಾಮಿನ ಅಷ್ಟೂ ಗೇಟು ಒಮ್ಮೆಗೇ ಎತ್ತಿದ ಹಾಗೆ.)

ತಪ್ಪೆಲ್ಲ ಸುರಪುರದ ಸರ್ವರಬೇಗಂ ಅವರದು. ಶಾಲೆಯಿಂದ ನಿವೃತ್ತರಾದ ಆ ಟೀಚರಮ್ಮನ ಟ್ರಂಕಿನ ತುಂಬ ರಾಜರಾಣಿಯರ ಕಾದಂಬರಿಗಳು. ಮೌನಮ್ಮ ಬಸ್ಸು ಹತ್ತಿ ಸುರಪುರದ ಸಂತೆಗೆ ಹೋದಾಗಲೆಲ್ಲ ಚೀಲದಲ್ಲಿ ಬದನೆಕಾಯಿಯ ಕೆಳಗೆ ಒಂದು ಕಾದಂಬರಿ ಬರುತ್ತಿತ್ತು. ಎಲ್ಲದರಲ್ಲೂ ಒಂದೇ ಕಥೆ. ಒಂದೇ ಆದದ್ದರಿಂದಲೇ ಆಕೆಗೆ ಅಷ್ಟು ಪ್ರಾಣ. ರಾಜಕುಮಾರಿಗೆ ಶತ್ರು ಸೇನಾಪತಿಯನ್ನು ಕಂಡರಾಗದು, ಅವನಿಗೆ ಇವಳನ್ನು ಕಂಡರಾಗದು. ನೂರು ಪುಟ ಹಲ್ಲು ಮಸೆಯುತ್ತಾರೆ, ಇನ್ನೂ ನೂರು ಪುಟ ಕಣ್ಣಲ್ಲೇ ಸುಡುತ್ತಾರೆ, ಆಮೇಲೆ ಅವನ ಕೈಯಿಂದ ಕತ್ತಿ ಕೆಳಗೆ ಬೀಳುತ್ತದೆ. ಆ ಕತ್ತಿ ಬೀಳುವ ಹೊತ್ತಿಗೆ ಮೌನಮ್ಮನ ಒಲೆಯ ಮೇಲೆ ಬೇಳೆ ಸೀದಿರುತ್ತಿತ್ತು. ಜಗಳವೇ ಇಲ್ಲದ ಮನೆಯಲ್ಲಿ ಪ್ರೀತಿ ಇದೆಯೆಂದು ತಿಳಿಯುವುದು ಹೇಗೆ ಎಂಬ ಅನುಮಾನ ತಲೆಗೆ ಹೊಕ್ಕದ್ದೂ ಅಲ್ಲಿಂದಲೇ.

ಮನೆಯಲ್ಲಿದ್ದ ಸೇನಾಪತಿಯೋ, ಕಾಲುವೆಯ ಗೇಟ್ ಆಪರೇಟರ್ ಹುಲಗಪ್ಪ. (ಹುಲಿ ಇದ್ದದ್ದು ಹೆಸರಿನಲ್ಲಿ ಮಾತ್ರ.) ಹಗಲೆಲ್ಲ ಮೇಲಿನ ಹೊಲದವರು ಬಂದು "ಗೇಟ್ ಎತ್ತಬ್ಯಾಡ" ಅನ್ನುವರು, ಕೆಳಗಿನ ಹೊಲದವರು ಬಂದು "ಎತ್ತು" ಅನ್ನುವರು. ಅವನು ಇಬ್ಬರಿಗೂ "ಹೂಂ" ಅಂದು, ಸಾಹೇಬರು ಹೇಳಿದಷ್ಟೇ ಎತ್ತುವನು. ಕೊಡಲಿ ಹಿಡಿದು ಬಂದವರನ್ನೂ ಆ ಒಂದೇ ಹೂಂಕಾರದಿಂದ ತಣ್ಣಗೆ ಮಾಡಿ ಚಹಾ ಕುಡಿಸಿ ಕಳಿಸಿದ್ದ. ಮನೆಗೆ ಬಂದರೂ ಅದೇ ಅಸ್ತ್ರ.

ಮೌನಮ್ಮ ಯುದ್ಧ ಸಾರಿದಳು. ಮೊದಲು ಸಾರಿಗೆ ಬೇಕಂತಲೇ ಮುಷ್ಟಿಗಟ್ಟಲೆ ಉಪ್ಪು ಸುರಿದಳು.

"ಉಪ್ಪು ಜಾಸ್ತಿ ಆಗೈತೇನ್ರಿ?"

"ಹೂಂ."

"ಇನ್ನೊಂಚೂರು ಹಾಕ್ಲೇನು?"

"ಹೂಂ."

ಮರುದಿನ ಅತ್ತೆಯನ್ನು ರಣರಂಗಕ್ಕೆ ಎಳೆದಳು. "ನನಗಂತ ತಂದ ಸೀರಿ ನಿಮ್ಮವ್ವ ತನ್ನ ಮಗಳಿಗೆ ಉಡಿಸ್ಯಾಳ. ಇದು ನ್ಯಾಯನೋ ಅನ್ಯಾಯನೋ?"

"ಹೂಂ."

ಕಡೆಗೆ ತಾಳ್ಮೆ ಕೆಟ್ಟು, ಸೊಂಟದ ಮೇಲೆ ಕೈಯಿಟ್ಟು, ಕಾದಂಬರಿಯ ಅಚ್ಚಿನ ಕನ್ನಡದಲ್ಲೇ ಗುಡುಗಿದಳು: "ಎಲೈ ಹೇಡಿ! ನಿನ್ನ ಮುಖವನ್ನು ಇನ್ನೊಂದು ಕ್ಷಣ ನೋಡಲಾರೆ!"

ಹುಲಗಪ್ಪ "ಹೂಂ" ಅಂದವನೇ, ಆಕೆಗೆ ತೊಂದರೆ ಬೇಡವೆಂದು ತಾಟು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತು ರೊಟ್ಟಿ ಮುಗಿಸಿದ.

"ಅವರಕಿಂತ ಆ ಗ್ವಾಡಿ ಕೂಡ ಜಗಳಾಡೋದು ಚಲೋ ಯವ್ವಾ," ಎಂದು ಮೌನಮ್ಮ ಪಕ್ಕದ ಮನೆಯ ಪಾರ್ವತೆಮ್ಮನ ಮುಂದೆ ಮೂಗು ಸೀಟಿದಳು.

"ಹಂಗಿದ್ರ ನಿನ್ನ ಗಂಡನ್ನ ಒಂದ್ ವಾರ ಇಲ್ಲಿ ಕಳಿಸು, ನನ್ನವನ್ನ ನೀ ಒಯ್ಯಿ," ಅಂದಳು ಪಾರ್ವತೆಮ್ಮ, ನಗದೆಯೇ.

ಸಂತೆಯ ದಿನ ಬಂತು. ಓದಿ ಮುಗಿಸಿದ್ದ ಈ ಸಲದ ಕಾದಂಬರಿಯ ಅಂಚಿನಲ್ಲೆಲ್ಲ ಕಪ್ಪು ಜಿಡ್ಡಿನ ಹೆಬ್ಬೆಟ್ಟುಗಳು, ನಡುವೆ ಒಂದು ಬೇವಿನ ಕಡ್ಡಿ ಬೇರೆ. ತನಗಿಂತ ಮೊದಲು ಓದಿದ ಯಾವಳೋ ಕೈ ತೊಳೆಯದವಳಿಗೆ ಶಾಪ ಹಾಕಿ, ಕಡ್ಡಿ ಎಸೆದು, ಪುಸ್ತಕವನ್ನು ಬೇಗಂ ಅವರಿಗೆ ಮುಟ್ಟಿಸಿ ಬಂದಳು.

ಸಂಜೆ ಗೇಟಿನಿಂದ ಬಂದ ಹುಲಗಪ್ಪ ಚಪ್ಪಲಿಯನ್ನೂ ಬಿಡದೆ ದಿಂಬು ಎತ್ತಿದ. ಹಾಸಿಗೆ ಜಾಡಿಸಿದ. ಹಿಟ್ಟಿನ ಡಬ್ಬಿಯ ಹಿಂದೆಯೂ ಕೈಯಾಡಿಸಿದ.

"ಪುಸ್ತಕ ಎಲ್ಲೈತಿ?"

"ವಾಪಸ್ ಕೊಟ್ಟು ಬಂದೆ. ಮುಗೀತಲ್ಲ."

"ನಿಂದು ಮುಗೀತು! ನಂದು?" ಆ ಅಬ್ಬರಕ್ಕೆ ಪಾರ್ವತೆಮ್ಮನ ಮನೆಯ ರೇಡಿಯೋ ಬಂದ್ ಆಯಿತು. "ಸೇನಾಪತಿ ನೆಲಮಾಳಿಗ್ಯಾಗ ಬಿದ್ದಾನ! ಕೀಲಿ ರಾಜಕುಮಾರಿ ಕೈಯಾಗ ಐತಿ! ತೆಗಿತಾಳೋ ಇಲ್ಲೋ ಅಂತ ನಾ ಅಲ್ಲಿ ಗೇಟಿನ ಮ್ಯಾಲ ಜೀವ ಹಿಡ್ಕೊಂಡು ಕುಂತೀನಿ, ನೀ ಒಯ್ದು ಕೊಟ್ಟು ಬಂದಿ! ಕರುಳು ಐತೇನು ನಿನಗ?"

ಮೌನಮ್ಮ ಅವನ ಕೈ ನೋಡಿದಳು. ಗೇಟಿನ ಗ್ರೀಸಿನಿಂದ ಹೆಬ್ಬೆಟ್ಟು ಕಪ್ಪಗಿತ್ತು. ಮುಖ ನೋಡಿದಳು. ಕಣ್ಣು ಕೆಂಡ, ಮೂಗಿನ ಹೊಳ್ಳೆ ಅರಳಿತ್ತು. ಪುಸ್ತಕದಲ್ಲಿ ಬರೆದ ಹಾಗೇ! ಆಕೆಗೆ ಮೈಯೆಲ್ಲ ಜುಂ ಅಂದಿತು. ಗೋಡೆಗೆ ಆತು ನಿಂತು, ಗದ್ದ ಎತ್ತಿ, "ಮುಂದಿಂದು ಹೇಳಂಗಿಲ್ಲ! ಏನ್ ಮಾಡ್ಕೋತೀರಿ ಮಾಡ್ಕೋರಿ!" ಅಂದು ಕಣ್ಣು ಮುಚ್ಚಿದಳು. ಇನ್ನೇನು ಕತ್ತಿ ಬೀಳಬೇಕು.

"ಸಾರಿಗೆ ಹಂಗ ಉಪ್ಪು ಯಾಕ ಸುರದಿ?"

ಮೌನಮ್ಮ ಕಣ್ಣು ಬಿಟ್ಟಳು.

"ಸೀರಿ ಸುದ್ದಿಗೆ ನಮ್ಮವ್ವನ್ನ ಯಾಕ ಎಳದಿ? ನನಗ ಹೇಡಿ ಅಂದಿಯಲ್ಲ, ಯಾವನ ಮುಂದ ಹೆದರೀನಿ ನಾ? ಹೋದ ದೀಪಾವಳ್ಯಾಗ ನನ್ನ ಅಂಗಿ ಸುಟ್ಟಿ, ಒಂದ್ ಮಾತು ಅಂದೀನೇನು?"

ಮದುವೆಯಾದಂದಿನಿಂದ ಅಂದ ಒಂದೊಂದು ಹೂಂನ ಹಿಂದೆಯೂ ನೀರು ನಿಂತಿತ್ತೆಂದು ಆಗ ತಿಳಿಯಿತು. ಅದು ಊಟದ ಹೊತ್ತಿನವರೆಗೂ ಹರಿಯಿತು. ಕಿವಿ ಗುಂಯ್ ಅಂದಾಗ ಮೌನಮ್ಮನೇ ಸೋತಳು. "ಕೀಲಿ ತೆಗಿತಾಳ್ರಿ! ಕತ್ತಿ ಬೀಳತೈತಿ, ಲಗ್ನ ಆಗತೈತಿ! ಸಾಕೇನು?"

"ಲಗ್ನ ಆದ ಮ್ಯಾಲ ಜಗಳ ನಿಂತು ಹೋತು?"

"ಹೌದ್ರಿ, ನಿಂತು ಹೋತು."

"ಅಯ್ಯ, ಜಗಳಾನ ಚಲೋ ಇತ್ತು ಬಿಡು," ಅಂದ ಹುಲಗಪ್ಪ. ಅವನ ಮುಖದಲ್ಲಿ ಹೊಸ ರುಚಿ ಕಂಡವನ ಕಳೆಯಿತ್ತು.

ಅಂದಿನಿಂದ ಅವನು ರೈತರಿಗೆಲ್ಲ ಹೂಂ ಅಂದು, ಜಗಳವನ್ನು ಜೋಪಾನವಾಗಿ ಮನೆಗೆ ತರತೊಡಗಿದ. ಚಹಾ ತೆಳು, ರೊಟ್ಟಿ ದಪ್ಪ, ದಿಂಬು ಗಟ್ಟಿ, ಬೆಕ್ಕಿಗೆ ಸೊಕ್ಕು. ಮೌನಮ್ಮ ಮೊದಮೊದಲು ಕೆಚ್ಚಿನಿಂದಲೇ ಕಾದಾಡಿದಳು. ಆಮೇಲೆ ಕೈಸೋತಿತು. ಕಾದಂಬರಿ ಓದುವುದಕ್ಕೂ ಪುರಸೊತ್ತಿಲ್ಲ. ಓದುವ ಸರದಿ ಈಗ ಅವನದೇ ಮೊದಲು.

"ಪಲ್ಯದಾಗ ಖಾರ ಇಲ್ಲ," ಅಂದ ಒಂದು ಸಂಜೆ.

"ಹೂಂ," ಅಂದಳು ಮೌನಮ್ಮ.

"ನಿನ್ನೀದೂ ಹಿಂಗ ಇತ್ತು."

"ಹೂಂ."

ಹುಲಗಪ್ಪ ತಾಟು ಸರಿಸಿದ. ಅವನ ದನಿಯಲ್ಲಿ ನಿಜವಾದ ಸಂಕಟವಿತ್ತು. "ಏನಂದ್ರೂ ಹೂಂ ಅಂತಿ! ಒಂದ್ ಮಾತು ಎದುರು ಆಡಬಾರದ? ಹಿಂಗಾದ್ರ ನನ್ನ ಮ್ಯಾಲ ನಿನಗ ಪ್ರೀತಿ ಐತೋ ಇಲ್ಲೋ ನನಗ ತಿಳಿಯೋದು ಹ್ಯಾಂಗ?"

ಮೌನಮ್ಮ ತನ್ನ ತಾಟು ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ಕುಳಿತು, ರೊಟ್ಟಿ ಮುರಿದಳು.