ಅತ್ತೆಯ ಕೌದಿ, ನನ್ನ ನಕ್ಷೆ

ನನ್ನ ಸೋದರತ್ತೆ ಯಾರನ್ನೂ ಮುಖ ನೋಡಿ ಗುರುತು ಹಿಡಿದವಳಲ್ಲ ಎಂದರೆ ನೀವು ನಂಬಬೇಕು. ಅವಳು ಗುರುತಿಸುತ್ತಿದ್ದುದು ಬಟ್ಟೆಯನ್ನು! ಶಿಕಾರಿಪುರದ ಪೇಟೆಬೀದಿಯಲ್ಲಿ ಯಾರಾದರೂ ಎದುರಾಗಿ ನಮಸ್ಕಾರ ಹೇಳಿದರೆ ಅವಳ ಕಣ್ಣು ನೇರವಾಗಿ ಅವರ ಅಂಗಿಯ ಮೊಣಕೈಗೆ ಹೋಗುತ್ತಿತ್ತು. ಸವೆದಿದ್ದರೆ ಮುಖ ಅರಳುತ್ತಿತ್ತು; ಹೊಸದಾಗಿದ್ದರೆ ಮಾತು ಬೇಗ ಮುಗಿಯುತ್ತಿತ್ತು. ಕೌದಿ ಹೊಲಿಯುವ ಹುಚ್ಚು ಅಂಥದ್ದು. ಓಣಿಯ ಹಳೇ ಸೀರೆ, ಹರಿದ ಅಂಗಿ, ಬಣ್ಣಗೆಟ್ಟ ಪರಕಾರ ಎಲ್ಲವೂ ಕೊನೆಗೆ ಬಂದು ಬೀಳುತ್ತಿದ್ದುದು ನಮ್ಮ ಪಡಸಾಲೆಗೆ. ನನ್ನ ಮದುವೆಯ ದಿನ ಹಸೆಮಣೆಯ ಮೇಲೆ ಕೂತಿದ್ದ ನನಗೆ ಅಕ್ಷತೆ ಹಾಕಿ, ಜರಿಯಂಚಿನ ಹೊಸ ಶಲ್ಯವನ್ನು ಎರಡು ಬೆರಳಲ್ಲಿ ಹೊಸೆದು ನೋಡಿ, ಕಿವಿಯಲ್ಲಿ ಹೇಳಿದ್ದೇನು ಗೊತ್ತೇ?

"ಚಲೋ ಐತೋ. ಪೆಟ್ಟಿಗ್ಯಾಗ ಇಡಬ್ಯಾಡ, ದಿನಾ ಹಾಕ್ಕೋ. ಲಗೂನ ಹರೀಲಿ."

ಇಂಥವಳ ಕೈಯಲ್ಲಿ ಬೆಳೆದವನು ನಾನು. ಹೆತ್ತ ಅವ್ವ ನಾನು ಮೂರು ತಿಂಗಳ ಕೂಸಾಗಿದ್ದಾಗಲೇ ತೀರಿಕೊಂಡಳು. ಅವಳದು ಸೊರಬದ ಕಡೆಯ ಕುಪ್ಪಗಡ್ಡೆ. ಬಸುರಿಯಾಗಿದ್ದಾಗ ನನಗಾಗಿ ಒಂದು ಕೌದಿ ಹೊಲಿದಿದ್ದಳಂತೆ. ಅದರ ನಡುವೆ ಒಂದು ಚೌಕ, ಚೌಕದ ಸುತ್ತ ಬಣ್ಣಬಣ್ಣದ ಪಟ್ಟಿಗಳು. ತವರಿನಲ್ಲಿ ಕಲಿತು ಬಂದ ಆ ಕುಸುರಿ ನಮ್ಮೂರಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಕೌದಿಯೂ ಉಳಿದಿರಲಿಲ್ಲ. ನನ್ನ ಹೆಂಡತಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದ ಮರುದಿನವೇ ಅತ್ತೆ ಹಟ ಹಿಡಿದು ಕೂತಳು.

"ಕೂಸನ್ನ ತೊಟ್ಟಿಲಿಗೆ ಹಾಕೋದ್ರೊಳಗ ನಿಮ್ಮವ್ವನ ಚೌಕ ಆಗ್ಬೇಕು. ಇಲ್ಲಾಂದ್ರ ನಾ ತೊಟ್ಟಿಲಿಗೆ ಕೈ ಹಚ್ಚೋಳಲ್ಲ!"

ಮನೆಯಲ್ಲಿ ಕೌದಿಗೇನು ಬರವೇ? ಗೋಡೆಯೆತ್ತರಕ್ಕೆ ಒಟ್ಟಿದ್ದವು. ಆದರೂ ನಾನು ಎದೆ ತಟ್ಟಿಕೊಂಡು ಒಪ್ಪಿಕೊಂಡೆ. ಯಾಕೆಂದರೆ ನಾನು ಸಾಮಾನ್ಯನೇ? ತಾಲ್ಲೂಕಿನ ಹೊಲಗದ್ದೆಗಳನ್ನೆಲ್ಲ ಸರಪಳಿ ಹಿಡಿದು ಅಳೆಯುವ ಸರ್ವೆಯರ್! ಅಣ್ಣತಮ್ಮಂದಿರ ಜಗಳದ ಜಮೀನನ್ನೇ ಹದ್ದುಬಸ್ತು ಮಾಡಿ ಕೊಟ್ಟವನಿಗೆ ಒಂದು ಗೇಣು ಬಟ್ಟೆಯ ಚೌಕ ಯಾವ ಲೆಕ್ಕ? ಅಡಿಪಟ್ಟಿ, ಕೈವಾರ, ಚೂಪು ಪೆನ್ಸಿಲು ಹಿಡಿದು ಕೂತೆ. ಅತ್ತೆಗೆ ನೆನಪಿದ್ದುದು ಒಂದೇ. ತೋರುಬೆರಳನ್ನು ಗಾಳಿಯಲ್ಲಿ ಗಿರ್ರನೆ ತಿರುಗಿಸಿ, "ಹಿಂಗ ತಿರುಗ್ತಿತ್ತು" ಎನ್ನುತ್ತಿದ್ದಳು. ನಾನು ಹದಿನಾಲ್ಕು ನಕ್ಷೆ ಬರೆದೆ. ಹದಿನಾಲ್ಕನ್ನೂ ನೋಡಿ ಅವಳು ಕೊಟ್ಟ ತೀರ್ಪು ಒಂದೇ: "ಇದು ತಿರುಗವಲ್ದೋ. ನಿಂತೈತಿ."

ಬಟ್ಟೆ ಎಲ್ಲಿಯಾದರೂ ತಿರುಗುತ್ತದೆಯೇ ಸ್ವಾಮಿ! ಆಗ ಕನ್ನಡ ನಾಡು ಒಂದಾಗಿ ಎರಡು ವರ್ಷವಾಗಿತ್ತು. ಅಷ್ಟು ದೊಡ್ಡ ನಾಡನ್ನು ಕೂಡಿಸಿದವರಿದ್ದರು. ನನ್ನ ಕೈಯಲ್ಲಿ ನಾಲ್ಕು ಚಿಂದಿ ಕೂಡಲಿಲ್ಲ.

ಹುಚ್ಚು ನನಗೂ ಅಂಟಿತು. ತಾಳಗುಂದದಲ್ಲಿ ಹೊಲ ಅಳೆಯಲು ಹೋದವನಿಗೆ ಬೇಲಿಯ ಮೇಲೆ ಒಣಗಲು ಹಾಕಿದ ಒಂದು ಕೌದಿ ಕಂಡಿತು. ಅದರ ನಡುವೆಯೂ ಒಂದು ಚೌಕ! ಹೊಲದ ಯಜಮಾನ ಬಿಸಿಲಲ್ಲಿ ಕಾಯುತ್ತ ನಿಂತಿರಲಿ ಎಂದು ಬಿಟ್ಟು, ಅಡಿಪಟ್ಟಿ ತೆಗೆದು ಕೌದಿಯ ಉದ್ದಗಲ ಬರೆದುಕೊಳ್ಳತೊಡಗಿದೆ. ಮನೆಯೊಡತಿ ಓಡಿ ಬಂದಳು.

"ಅಯ್ಯೋ ಸಾಹೇಬ್ರೇ, ಇನ್ನ ಮ್ಯಾಲೆ ಕೌದಿಗೂ ಕಂದಾಯ ಹಾಕ್ತಾರೇನ್ರೀ?"

ಅಲ್ಲವೆಂದು ನಾನು ಹೇಳುವಷ್ಟರಲ್ಲಿ ಅವಳು ಕೌದಿಯನ್ನು ಸುತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು. ಸ್ವಲ್ಪ ಹೊತ್ತಿಗೆ ಆ ಕೇರಿಯ ಒಂದು ಬೇಲಿಯ ಮೇಲೂ ಕೌದಿ ಉಳಿಯಲಿಲ್ಲ.

ಕೊನೆಗೆ ಕುಪ್ಪಗಡ್ಡೆಗೇ ಹೊರಟೆ. ಅಲ್ಲಿ ಅವ್ವನ ಚಿಕ್ಕಮ್ಮ ಇದ್ದರು. ಹಲ್ಲೆಲ್ಲ ಹೋಗಿದ್ದರೂ ಸೂಜಿ ಬಿಡದ ಮುದುಕಿ. ಎಲ್ಲಕ್ಕಿಂತ ಚೆನ್ನಾಗಿ ಬಂದಿದ್ದ ಹದಿನಾಲ್ಕನೆಯ ನಕ್ಷೆಯನ್ನು ಅವರ ಮುಂದೆ ಹರಡಿದೆ. ಅಜ್ಜಿ ಅದನ್ನು ತಲೆಕೆಳಗು ಹಿಡಿದು, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

"ಯಾರ ಗದ್ದೆನಾ ಇದು?"

"ಗದ್ದೆ ಅಲ್ಲ ಅಜ್ಜಿ, ಕೌದಿ. ನಮ್ಮ ಅವ್ವನ ಚೌಕ."

ಅಜ್ಜಿ ನಕ್ಕರು ನೋಡಿ, ಬಾಯಿಯ ಎಲೆಅಡಿಕೆ ನನ್ನ ನಕ್ಷೆಯ ಮೇಲೆಯೇ ಬಿತ್ತು! ಆಮೇಲೆ ಒಂದು ಹಳೇ ಪಂಚೆ ಹಾಸಿ, ಅದರ ತುದಿಯ ಮೂಲೆಯಿಂದ ಪಟ್ಟಿ ಇಟ್ಟು ಹೊಲಿಯಲು ಶುರುಮಾಡಿದರು. ಒಂದು ಅಂಚು ಮುಗಿದೊಡನೆ ತಾವೇ ಕೂತಲ್ಲಿಂದ ಸರಿದು ಮುಂದಿನ ಅಂಚಿಗೆ ಹೋಗುವರು. ಒಂದರ ತುದಿಯನ್ನು ಇನ್ನೊಂದು ಮುಚ್ಚುತ್ತ ಪಟ್ಟಿಗಳು ಸುತ್ತು ಸುತ್ತಾಗಿ ಒಳಕ್ಕೆ ಬಂದವು. ಕಟ್ಟಕಡೆಗೆ ನಡುವೆ ಒಂದಿಷ್ಟು ಖಾಲಿ ಜಾಗ ಉಳಿಯಿತು.

"ಇದೇ ನೋಡು ಚೌಕ. ನಡುವಿಂದು ನಾವು ಹಾಕೋದಲ್ಲ ಮಾರಾಯ, ಉಳಿಯೋದು. ನೀನು ಅಲ್ಲಿಂದಲೇ ಶುರು ಮಾಡಿದ್ರೆ ಎಲ್ಲಿಗೆ ಹೋಗ್ತೀಯ?"

ಹದಿನಾಲ್ಕು ಸಲವೂ ನಾನು ಮೊದಲು ಮಾಡಿದ್ದು ನಡುವೆ ಕೈವಾರ ಊರಿದ್ದು! ಅಜ್ಜಿಯ ಮುಂದೆಯೇ ಸೂಜಿ ಹಿಡಿದೆ. ಅವರು ಸರಿದಂತೆ ನಾನೂ ಸರಿದೆ, ಅವರಂತೆ ಪಟ್ಟಿ ಇಟ್ಟೆ. ಒಂದು ಸುತ್ತು ಮುಗಿಸಿ ಹೆಮ್ಮೆಯಿಂದ ಏಳಲು ಹೋದರೆ ಕೌದಿಯೂ ನನ್ನ ಜೊತೆಗೆ ಎದ್ದಿತು. ಉಟ್ಟ ಪಂಚೆಯನ್ನೂ ಸೇರಿಸಿ ಹೊಲಿದುಬಿಟ್ಟಿದ್ದೆ.

"ಬಟ್ಟೆ ಸಾಲ್ದು ಅಂತಿದ್ರೆ ಕೇಳಬಾರ್ದಿತ್ತಾ?" ಎಂದರು ಅಜ್ಜಿ.

ಶಿಕಾರಿಪುರಕ್ಕೆ ಹಿಂದಿರುಗಿ ನಾನು ಹೇಳಿಕೊಟ್ಟೆ, ಅತ್ತೆ ಹೊಲಿದಳು. ಹೆಣ್ಣು ಕೂಸು ಹುಟ್ಟಿದ ಸುದ್ದಿ ಬರುವ ಹೊತ್ತಿಗೆ ಪಟ್ಟಿಗಳೆಲ್ಲ ಒಳಗೆ ಬಂದಿದ್ದವು. ಚೌಕ ಮುಚ್ಚುವ ದಿನ ಅತ್ತೆ ಹೋಳಿಗೆ ಮಾಡಿದಳು. ಮುಚ್ಚುವ ಮೊದಲು ಕೌದಿಯ ಹೊಟ್ಟೆಗೆ ಒಂದು ಚೂರು ಹೋಳಿಗೆ ಇಡಬೇಕು; ಹಸಿದ ಕೌದಿ ಮೈ ಬೆಚ್ಚಗಿಡುವುದಿಲ್ಲ ಎಂಬುದು ಅವಳ ನಂಬಿಕೆ. ಅತ್ತೆ ದಾರ ತರಲು ಒಳಗೆ ಹೋದಳು. ತಟ್ಟೆಯಲ್ಲಿ ತುಪ್ಪ ಸವರಿದ ಹೋಳಿಗೆ ಸುಮ್ಮನೆ ಕೂತಿತ್ತು. ಏನು ಹೇಳಲಿ? ತಿಂದುಬಿಟ್ಟೆ!

ಅತ್ತೆ ಬಂದು ತಟ್ಟೆ ನೋಡಿದಳು. ಬೈಗುಳಕ್ಕೆ ಕಾದು ತಲೆ ತಗ್ಗಿಸಿದೆ. ಅವಳು ಬೈಯಲಿಲ್ಲ. ಇನ್ನೊಂದು ಹೋಳಿಗೆ ತಂದು ಚೂರು ಮುರಿದು, ಚೌಕದಲ್ಲಿಟ್ಟು, ಮೇಲೆ ಬಟ್ಟೆ ಹೊಂದಿಸಿದಳು. ನಾಲ್ಕು ಹೊಲಿಗೆ ಹಾಕಿದವಳು ಸೂಜಿ ನಿಲ್ಲಿಸಿದಳು.

"ನಿಮ್ಮವ್ವ ಜ್ವರದಾಗ ಚಳಿ ಚಳಿ ಅಂತಾನೇ ಹೋದ್ಲು ಕಣೋ. ಮಣ್ಣಿಗೆ ಒಯ್ಯೋ ಹೊತ್ತಿನಾಗ ನನ್ನ ಕೈಲಿ ತಡಿಯಾಕ ಆಗ್ಲಿಲ್ಲ. ಆ ಕೌದೀನ ಆಕಿಗೆ ಹೊದಿಸಿ ಕಳಿಸ್ದೆ. ನೀ ಅದನ್ನ ಹೊದ್ದು ಮಲಗಿದ್ದೆ. ನಿನ್ನ ಮೈಮ್ಯಾಲಿಂದ ತಗೊಂಡೆ. ತಬ್ಬಲಿ ಕೂಸಿಂದು ಕಿತ್ಕೊಂಡೆ."

ಇಷ್ಟು ವರ್ಷ ಇದನ್ನು ಅವಳು ಒಬ್ಬಳೇ ಹೊತ್ತಿದ್ದಳು; ಊರವರ ಹರಕು ಅಂಗಿಗಳ ಹಿಂದೆ ಬಿದ್ದಿದ್ದಾಳೆ ಎಂದು ನಾನು ನಗುತ್ತಿದ್ದೆನಲ್ಲ! ನನಗೆ ಅಳು ತಡೆಯಲಾಗಲಿಲ್ಲ. ಅತ್ತೆ ಮೊದಲ ಸಲ ನನ್ನ ಅಂಗಿಯನ್ನು ಬಿಟ್ಟು ಮುಖ ನೋಡಿದಳು.

"ಆವತ್ತು ನಿನಗ ಚಳಿ ಆತೇನೋ, ಮಗಾ?"

ಮೂರು ತಿಂಗಳ ಕೂಸಿಗೆ ಏನು ನೆನಪಿರುತ್ತದೆ? ಆದರೂ ಎಲ್ಲ ನೆನಪಿದ್ದವನಂತೆ ಹೇಳಿದೆ:

"ಇಲ್ಲ ಅತ್ತೆ. ನೀ ಸೆರಗು ಹೊದಿಸಿದ್ದೆಯಲ್ಲ, ಬೆಚ್ಚಗಿದ್ದೆ."